ಬೆಲ್ಲಿಗೂ ಕ್ಲಾಸಿಗೂ ನಡುವೆ ಮೂರು ಉಸಿರು

ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗನ ಕಂಪಾಸ್ ಬಾಕ್ಸ್ ಕೆಳಗೆ ಬಿತ್ತು. ಅಷ್ಟೇ. ಪಕ್ಕದ ಕ್ಲಾಸಿಗೂ ಕೇಳುವಷ್ಟು ಜೋರಾಗಿ ಬೈದೆ. ಅವನು ಅಳಲಿಲ್ಲ, ತಲೆ ತಗ್ಗಿಸಿ ಕೈವಾರ ಹೆಕ್ಕಿಕೊಂಡ. ಸಿಟ್ಟು ಅವನ ಮೇಲಿನದ್ದಲ್ಲ. ಹಿಂದಿನ ಪೀರಿಯಡ್‌ನಲ್ಲಿ ಹತ್ತನೆಯವರಿಗೆ ತಿದ್ದಿದ ಟೆಸ್ಟ್ ಪೇಪರ್ ಕೊಟ್ಟು ಬಂದಿದ್ದೆ, ಅದರ ಬಿಸಿ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು, 2025ರಲ್ಲಿ ಎರಡನೆಯದು. ಹೊರಗಿನವರಿಗೆ ಅದು ಹೆಮ್ಮೆ. ಇಲ್ಲಿ ಗಣಿತ ಕಲಿಸುವವರಿಗೆ "ಮೊದಲನೆಯದು ಯಾಕಿಲ್ಲ?" ಅನ್ನುವ ಪ್ರಶ್ನೆ.

ಮರುದಿನ ಅವನಲ್ಲಿ ಸಾರಿ ಕೇಳಿದೆ. ಧ್ಯಾನ ಮಾಡಿ ನೋಡೋಣ ಅಂತ ಹೊರಟದ್ದು ಆಮೇಲೆ.

ಜಾನ್ ಕಬಾಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಎಂಟು ವಾರಗಳ ಧ್ಯಾನದ ಕ್ರಮ ಒಂದಿದೆ. ಅದರಲ್ಲಿ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಅಭ್ಯಾಸ. ಬುತ್ತಿ ಕಟ್ಟಿ ಎಂಟರ ಸರ್ವಿಸ್ ಬಸ್ ಹಿಡಿಯುವವಳಿಗೆ ಮುಕ್ಕಾಲು ಗಂಟೆ! ಇಪ್ಪತ್ತು ನಿಮಿಷ ಕೂತೆ. ಕಣ್ಣು ಮುಚ್ಚಿ ಕುಕ್ಕರಿನ ವಿಸಿಲ್ ಎಣಿಸುತ್ತಿದ್ದೆ. ಹತ್ತೇ ದಿನಕ್ಕೆ ಬಿಟ್ಟೆ.

ಕೈಹಿಡಿದದ್ದು ಪೀರಿಯಡ್ ಬೆಲ್. ಬೆಲ್ ಆದ ಮೇಲೆ ಮುಂದಿನ ಕ್ಲಾಸಿನ ದಾರಂದದ ಹತ್ತಿರ ನಿಲ್ಲುತ್ತೇನೆ. ಪಾದ ನೆಲಕ್ಕೆ ತಾಗಿದ್ದು ಗೊತ್ತಾಗಬೇಕು. ದವಡೆ ಬಿಗಿದಿದೆಯಾ ನೋಡುತ್ತೇನೆ. ಹೆಚ್ಚಾಗಿ ಬಿಗಿದೇ ಇರುತ್ತದೆ. "ಹತ್ತನೆಯವರ ಸಿಟ್ಟು ಇನ್ನೂ ಇದೆ" ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಆಮೇಲೆ ಮೂರು ಉಸಿರು, ಎಳೆದದ್ದಕ್ಕಿಂತ ಬಿಡುವುದು ಉದ್ದ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ದೇಹದ ರೀತಿಯೇ ಹಾಗೆ. ಕಣ್ಣು ಮಾತ್ರ ಮುಚ್ಚುವುದಿಲ್ಲ. ಒಮ್ಮೆ ಮುಚ್ಚಿದ್ದಕ್ಕೆ "ಟೀಚರ್‌ಗೆ ಎಂತ ಆಯ್ತು?" ಅಂತ ಮಕ್ಕಳು ನೀರಿನ ಬಾಟಲಿ ಹಿಡಿದು ಓಡಿ ಬಂದರು.

ಮರೆತುಹೋಗುವ ದಿನಗಳೂ ಇವೆ. ಇನ್ನೊಂದು ಮಾತು, ಉಸಿರು ನೋಡಿದರೆ ಆನ್‌ಲೈನಿನಲ್ಲಿ ಮಕ್ಕಳ ವಿವರ ತುಂಬಿಸುವ ಸ್ಯಾಟ್ಸ್ ಎಂಟ್ರಿ ಕಡಿಮೆಯಾಗುವುದಿಲ್ಲ. ಸಮೀಕ್ಷೆಗೆ ಮನೆಮನೆ ಅಲೆಯುವುದೂ ತಪ್ಪುವುದಿಲ್ಲ. ಕೆಲಸ ಜಾಸ್ತಿಯಾದರೆ ಜಾಸ್ತಿ ಅಂತಲೇ ಹೇಳಬೇಕು. "ಧ್ಯಾನ ಮಾಡಿ ಮೇಡಂ" ಅನ್ನುವುದು ಅದಕ್ಕೆ ಉತ್ತರ ಅಲ್ಲ, ಅಲ್ವಾ?

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನಮ್ಮ ಶಾಲೆಯ ಶೀಟಿನ ಮಾಡಿನ ಮೇಲೆ ಹೊಯ್ಯುವಾಗ ಪಾಠ ಮಾಡಿದರೆ ಗಂಟಲು ಹೋಗುತ್ತದೆ. ಪ್ರತಿವರ್ಷ ಕಿರುಚಿ ಕಿರುಚಿ ಆಗಸ್ಟಿಗೆ ಸ್ವರ ಒಡೆಯುತ್ತಿತ್ತು. ಈ ಸಲ ಚಾಕ್ ಕೆಳಗಿಟ್ಟೆ. "ಎರಡು ನಿಮಿಷ ಸುಮ್ನೆ ಕೇಳಿ" ಅಂದೆ. ಮಳೆ ತುಸು ಇಳಿದಾಗ, ಏನೇನು ಕೇಳಿತು ಅಂತ ವಿಚಾರಿಸಿದೆ. ಪಂಪಿನ ಸದ್ದು, ಕಪ್ಪೆ ಅಂದರು. ಹಿಂದಿನ ಬೆಂಚಿನವನು, "ಮೀನಿನವರ ಹಾರ್ನ್, ಟೀಚರ್."

ನನಗೂ ಕೇಳಿತ್ತು. ಬಂಗುಡೆ ಬಂದಿರಬಹುದಾ ಅನ್ನುವ ಯೋಚನೆಯೂ ಬಂದು ಹೋಗಿತ್ತು.