ಒಂದು ವರ್ಷದ ಪಿಗ್ಮಿಯಷ್ಟು ಹುಚ್ಚು

ಹನ್ನೊಂದು ವರ್ಷ ನಾನು ಮಹಾಲಿಂಗಪುರದಲ್ಲಿ ಪಿಗ್ಮಿ (ಜನ ದಿನಾ ಕಟ್ಟುವ ಸಣ್ಣ ಉಳಿತಾಯದ ದುಡ್ಡು) ಕೂಡಿಸುವ ಕೆಲಸ ಮಾಡಿದೆ. ಸಂಜೆ ನಾಲ್ಕಕ್ಕೆ ಗಾಡಿ ಹತ್ತಿದರೆ ಪಾನ್ ಅಂಗಡಿ, ಕಟಿಂಗ್ ಅಂಗಡಿ, ಕಿರಾಣಿ, ಅಡತಿ ಅಂಗಡಿ ಎಲ್ಲ ಸುತ್ತಿ ರಾತ್ರಿ ಒಂಬತ್ತಕ್ಕೆ ಮನೆ. ದಿನಾ 200 ಕಟ್ಟುವವನು 50ಕ್ಕೆ ಇಳಿದರೆ ಏನೋ ಎಡವಟ್ಟಾಗಿದೆ ಅಂತ ಅವನ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಈಗ ನಾನು ಕರೀ ಬೆಲ್ಲದ ಪುಡಿ ಮಾಡಿ ಮಾರುತ್ತೇನೆ. ಸುತ್ತ ಹತ್ತು ಊರಿನ ಕಬ್ಬು ಫ್ಯಾಕ್ಟರಿಗೆ ಹೋಗುತ್ತದೆ, ಬೆಲ್ಲ ಮಾಡುವವರೂ ಹಳದಿ ಬೆಲ್ಲ ಮಾಡುತ್ತಾರೆ. ಹಾಗಾಗಿ ಹುಡುಗರು ಬಂದು ಕೇಳುತ್ತಾರೆ, "ಅಣ್ಣಾ, ನಾವೂ ಏನರ ಬ್ಯಾರೆ ಮಾಡಬೇಕಂತೀವಿ, ಹೆಂಗ್ ಮಾಡೋದು?" ಒಬ್ಬೊಬ್ಬರಿಗೆ ಹೇಳಿ ಬಾಯಿ ನೋವಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಬ್ಬ ಚಹಾದವನ ಕಥೆ. ನನ್ನ ಹತ್ತಿರ ದಿನಕ್ಕೆ 50 ರೂಪಾಯಿ ಕಟ್ಟುತ್ತಿದ್ದ. ಕಬ್ಬಿನ ಸೀಸನ್ನಿನಲ್ಲಿ ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರು, ಲಾರಿ ರಾತ್ರಿಯಿಡೀ ಸಾಲು ನಿಂತಿರುತ್ತವಲ್ಲ, ಅದನ್ನು ನಾವೆಲ್ಲ ನೋಡಿದವರೇ. ನೋಡಿ ಏನಂದೆವು? "ಏನ್ ಗದ್ದಲಪ್ಪಾ" ಅಂದು ಗಾಡಿ ಬದಿಗೆ ಎಳೆದುಕೊಂಡು ಹೋದೆವು. ಇವನು ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಕುಳಿತ ಡ್ರೈವರುಗಳನ್ನು ನೋಡಿದ. ಹೊಸ ಅಂಗಡಿ ಹಾಕಲಿಲ್ಲ. ಅಲ್ಲೇ ಇದ್ದ ಪಾನ್ ಅಂಗಡಿಯವನಿಗೆ ಅರ್ಧ ಬಾಡಿಗೆ ಕೊಟ್ಟು ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಕಟ್ಟೆ ಹಿಡಿದ. ಒಂದು ಸ್ಟೋವು, ಎರಡು ಡಬ್ಬಿ, ಒಂದು ಬಲ್ಬು. ಎರಡನೇ ತಿಂಗಳಿಗೆ ಅವನ ಪಿಗ್ಮಿ 300 ಆಯಿತು.

ಅವನನ್ನು ನೋಡಿ ಅದೇ ಸಾಲಿನಲ್ಲಿ ಇನ್ನೊಬ್ಬ ಸಾಲ ಮಾಡಿ ಹೋಟೆಲೇ ಹಾಕಿದ. ಮಾರ್ಚಿಗೆ ಕಬ್ಬು ನುರಿಸುವುದು ನಿಂತಿತು. ಡ್ರೈವರುಗಳು ಹೋದರು. ಹೋಟೆಲಿನ ಬಾಡಿಗೆ ಮಾತ್ರ ಹೋಗಲಿಲ್ಲ. ಇಬ್ಬರೂ ಧೈರ್ಯವಂತರೇ. ಆದರೆ ಒಬ್ಬ ಸೋತಿದ್ದರೆ ಒಂದು ಸ್ಟೋವು ಕಳೆದುಕೊಳ್ಳುತ್ತಿದ್ದ, ಇನ್ನೊಬ್ಬ ಮನೆ ಪತ್ರ ಕಳೆದುಕೊಂಡ.

ಅದಕ್ಕೆ ಹೊಸ ಯೋಚನೆ ತಲೆಗೆ ಬಂದ ತಕ್ಷಣ ಮಾಡಬೇಕಾದ ಕೆಲಸ ಒಂದಿದೆ. ಉಳಿದವರು ಯಾಕೆ ಹಾಗೆ ಮಾಡುತ್ತಿಲ್ಲ ಅಂತ ಹೋಗಿ ಕೇಳುವುದು. ಜನರೆಲ್ಲ ದಡ್ಡರು, ನಾನೊಬ್ಬನೇ ಶಾಣ್ಯಾ ಅಂದುಕೊಂಡರೆ ಅಲ್ಲೇ ಕೆಟ್ಟಿರಿ. ಕಬ್ಬನ್ನೇ ತಗೊಳ್ಳಿ. ಕೇಂದ್ರ ಸರ್ಕಾರ 2025-26ರ ಸೀಸನ್ನಿಗೆ ಶೇಕಡಾ 10.25 ಸಕ್ಕರೆ ಇಳುವರಿ ಬರುವ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ಎಫ್‌ಆರ್‌ಪಿ (ಫ್ಯಾಕ್ಟರಿ ಕೊಡಲೇಬೇಕಾದ ಕನಿಷ್ಠ ಬೆಲೆ) ಇಟ್ಟಿತ್ತು. ಕಟಾವು, ಸಾಗಣೆ ಮುರಿದುಕೊಂಡು ಉಳಿದದ್ದು ಖಾತೆಗೆ ಬರುತ್ತದೆ. 14 ದಿನದೊಳಗೆ ಕೊಡಬೇಕು ಅಂತ 1966ರಿಂದಲೂ ಕಾನೂನಿದೆ. ಎಷ್ಟು ಸಲ ಹಾಗೆ ಬಂತು ಅಂತ ಕೇಳಬೇಡಿ. ಆದರೂ ಗ್ಯಾಂಗಿನವರು ಬಂದು ಕಡಿದುಕೊಂಡು ಹೋಗುತ್ತಾರೆ, ಮಾರುವ ತಲೆನೋವಿಲ್ಲ, ತಡವಾದರೂ ದುಡ್ಡು ಬರುತ್ತದೆ. ರೈತ ಫ್ಯಾಕ್ಟರಿಗೆ ಕಳಿಸುವುದು ದಡ್ಡತನದಿಂದ ಅಲ್ಲ.

ಇನ್ನು ಹಳದಿ ಬೆಲ್ಲ ಯಾಕೆ? ನನ್ನ ಕಾಕಾ ಗಾಣ ನಡೆಸುತ್ತಿದ್ದರು. ಮೈಸೂರು ಕಡೆಯವರು ಆಲೆಮನೆ ಅನ್ನುತ್ತಾರಲ್ಲ, ಅದೇ. ಅವರು ಹೇಳಿದ್ದು ಇಷ್ಟು: "ಹರಾಜಿನಾಗ ಯಾರೂ ನಾಲಿಗೆ ಹಚ್ಚಂಗಿಲ್ಲಪಾ, ಕಣ್ಣು ಹಚ್ತಾರ." ಬಣ್ಣ ಚೊಕ್ಕ ಬರಲಿ ಅಂತ ಹೈಡ್ರೋಸ್ ಎನ್ನುವ ಬಿಳಿ ಪುಡಿ ಹಾಕುತ್ತಾರೆ. ಅದು ಗಂಧಕದ ರಾಸಾಯನಿಕ. ಆ ಬಣ್ಣವೂ ಕೆಲವು ತಿಂಗಳಲ್ಲಿ ಮಾಸಿ ಕಪ್ಪಾಗುತ್ತದೆ. ನಾನು ಹೈಡ್ರೋಸ್ ಹಾಕದ ಒಂದು ಪೆಂಟೆ (ಬೆಲ್ಲದ ದೊಡ್ಡ ಅಚ್ಚು) ಒಯ್ದು ಅಡತಿ ಅಂಗಡಿಯಲ್ಲಿ ಇಟ್ಟೆ. ದಲಾಲರು ಮುಟ್ಟಲೂ ಇಲ್ಲ. "ತಮ್ಮಾ, ಇದನ್ನ ಎಮ್ಮಿಗೆ ಹಾಕು" ಅಂದರು.

ಈ ಮಾತಿಗೆ ಸಿಟ್ಟು ಬಂದಿತ್ತು. ಆಮೇಲೆ ಕೂತು ಯೋಚಿಸಿದರೆ ದಾರಿ ತೋರಿಸಿದ್ದೇ ಆ ಮಾತು. ಕರೀ ಬೆಲ್ಲವನ್ನು ಹರಾಜಿನ ಅಂಗಳಕ್ಕೆ ಒಯ್ದರೆ ನಷ್ಟ ಖಾತ್ರಿ. ನೇರವಾಗಿ ತಿನ್ನುವವರ ಕೈಗೆ ಕೊಡಬೇಕು. ನಮ್ಮ ಕಡೆ ಬೇರೆ ವಸ್ತು ಮಾಡುವುದು ಅರ್ಧ ಕೆಲಸ ಅಷ್ಟೇ. ಬೇರೆ ಗಿರಾಕಿಯನ್ನು ಹುಡುಕದಿದ್ದರೆ ಹೊಸದು ಮಾಡಿ ಹಳೇ ಬಾಗಿಲಲ್ಲೇ ಬೈಸಿಕೊಳ್ಳುತ್ತೀರಿ.

ಲೆಕ್ಕವನ್ನು ಚೀಟಿ ಮೇಲೆ ಹಾಕಿ, ತಲೆಯಲ್ಲಿ ಬೇಡ. ಒಂದು ಟನ್ ಕಬ್ಬಿಗೆ ಹೆಚ್ಚು ಕಡಿಮೆ 100 ಕಿಲೋ ಬೆಲ್ಲ. ನಾನು ಮೊದಲ ವರ್ಷ ತೆಗೆದುಕೊಂಡದ್ದು ನಮ್ಮದೇ ಹೊಲದ 5 ಟನ್ ಮಾತ್ರ. ಫ್ಯಾಕ್ಟರಿಗೆ ಕೊಟ್ಟಿದ್ದರೆ ಕೈಗೆ ಬರುತ್ತಿದ್ದ 15,000ವನ್ನು ಖರ್ಚು ಅಂತಲೇ ಬರೆದೆ. ಇದನ್ನು ಬಹಳ ಜನ ಬಿಡುತ್ತಾರೆ. ಮನೆಯ ಮಾಲು ಪುಕ್ಕಟೆ ಅಲ್ಲ ಕಣ್ರೀ. ಗಾಣದ ಬಾಡಿಗೆ, ಆಳು ಸೇರಿ 6,000. ಚೀಲ, ಲೇಬಲ್, ಸಾಗಣೆ 4,000. ಒಟ್ಟು 25,000.

ಈಗ ನನ್ನ ಅಳತೆಗೋಲು. ಪಿಗ್ಮಿ ಅನ್ನುವುದೇ ಒಂದು ಕಾಲಕ್ಕೆ ಹುಚ್ಚು ಯೋಚನೆ ಆಗಿತ್ತು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯವರು ಎರಡಾಣೆಗೋಸ್ಕರ ಬಡವರ ಮನೆ ಬಾಗಿಲಿಗೆ ಹೋದರು. ಎರಡಾಣೆಗೆ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ ಅಂದರೆ ಯಾರು ನಂಬಬೇಕು? ನಾನೂ ದಿನಕ್ಕೆ 70 ರೂಪಾಯಿ ನನ್ನ ಹೆಸರಲ್ಲಿ ಕಟ್ಟುತ್ತಿದ್ದೆ. ವರ್ಷಕ್ಕೆ 25,550. ನನ್ನ ಹುಚ್ಚಿಗೆ ಅಷ್ಟೇ ಮಿತಿ. ಪೂರಾ ಮುಳುಗಿದರೂ ಮಕ್ಕಳ ಫೀ ನಿಲ್ಲುವುದಿಲ್ಲ, ಅವ್ವನ ಬಿಪಿ ಗುಳಿಗೆ ನಿಲ್ಲುವುದಿಲ್ಲ. ಮುಂದಿನ ವರ್ಷ ಮತ್ತೆ 70ರಿಂದ ಶುರು. ನಿಮ್ಮದು 20 ಇರಬಹುದು, 500 ಇರಬಹುದು. ಅದನ್ನು 365ರಿಂದ ಗುಣಿಸಿ. ಬಂದ ಸಂಖ್ಯೆ ಎಷ್ಟೋ ಅಷ್ಟನ್ನು ಮಾತ್ರ ಆಟಕ್ಕಿಡಿ. ಬಡ್ಡಿ ಸಾಲ ತಂದು, ಬಂಗಾರ ಇಟ್ಟು ಮೊದಲ ಆಟ ಆಡಬೇಡಿ. ದುಡ್ಡು ಡಬಲ್ ಮಾಡಿ ಕೊಡುವ ಸ್ಕೀಮುಗಳ ಹತ್ತಿರವಂತೂ ಸುಳಿಯಲೇಬೇಡಿ. ನನ್ನ ಪಟ್ಟಿಯಲ್ಲಿ ಹಾಗೆ ಸೊನ್ನೆಗೆ ಬಂದವರು ಏಳು ಮಂದಿ.

ಕೆಲಸವನ್ನೂ ಬಿಡಬೇಡಿ. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಅಂತ ಇದೆ. ಕಿರ್ಲೋಸ್ಕರ್ ಕಂಪನಿ ಕಟ್ಟಿದ ಆ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಸವದತ್ತಿ ಕಡೆಯ ಗುರ್ಲಹೊಸೂರಿನವರು, 1869ರಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಮೇಷ್ಟರ ನೌಕರಿ ಮಾಡುತ್ತಲೇ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು, ಅಣ್ಣ ಇಲ್ಲಿ ಮಾರುತ್ತಿದ್ದರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಅಂತ ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಎರಡು ವರ್ಷ ತಡೆದುಕೊಳ್ಳಲು ಮೇವು ಕತ್ತರಿಸುವ ಯಂತ್ರದಂಥ ಬೇರೆ ಮಾಲು ಅವರ ಹತ್ತಿರ ಇತ್ತು. ನಾನೂ ಮೊದಲ ಕೆಲವು ಸೀಸನ್ ಸಂಜೆ ಪಿಗ್ಮಿ ಬಿಡಲಿಲ್ಲ. ಗಾಣದ ಕೆಲಸ ಬೆಳಗಿನ ನಾಲ್ಕರಿಂದ. ನಿದ್ದೆ ಅನ್ನುವುದೊಂದು ಇರಲಿಲ್ಲ, ಬಿಡಿ.

ಬೆಲ್ಲದ ಕೆಲಸವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ (ಕಬ್ಬಿನ ಹಾಲು) ಬೆಂಡೆಗಿಡದ ಲೋಳೆ ಹಾಕಿದರೆ ರಾಡಿಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಿರಬೇಕು. ಪೆಂಟೆ ಬೆಲ್ಲಕ್ಕೆ 118 ಡಿಗ್ರಿ ಸುಮಾರಿಗೆ ಇಳಿಸುತ್ತಾರೆ. ಪುಡಿಗೆ 120 ದಾಟಬೇಕು. ಕಾಕಾ ಥರ್ಮಾಮೀಟರ್ ನೋಡಿ ನಕ್ಕರು. ಅವರು ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ತಾಟಿಗೆ ಹೊಡೆದು ನೋಡುತ್ತಿದ್ದರು. ಟಣ್ ಅಂದರೆ ಆಯಿತು. ಆಮೇಲೆ ಕಟ್ಟಿಗೆಯ ಕೊರಡಿನಿಂದ ತಿಕ್ಕಿ ತಿಕ್ಕಿ ಪುಡಿ ಮಾಡಿ, ಜರಡಿ ಹಿಡಿದು, ಒಣಗಿಸಿ, ಪೂರ್ತಿ ಆರಿಸಿ ತುಂಬಬೇಕು.

ಈ "ಪೂರ್ತಿ ಆರಿಸಿ" ಅನ್ನುವುದನ್ನು ನಾನು ಕಲಿತದ್ದು 140 ಕಿಲೋ ಹಾಳು ಮಾಡಿ. ಅವಸರಕ್ಕೆ ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಒಳಗೆ ಬೆವರಿ ಎಲ್ಲ ಕಲ್ಲಿನ ಹಾಗೆ ಗಟ್ಟಿಯಾಯಿತು. ನನ್ನ ಹೆಂಡತಿ ಒಂದು ಗಡ್ಡೆ ತೆಗೆದು ಕಟ್ಟೆ ಮೇಲೆ ಕುಕ್ಕಿದಳು. ಕಟ್ಟೆಯ ಚೂರು ಎದ್ದಿತು, ಬೆಲ್ಲ ಏಳಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ ನನಗೆ.

ಕೊನೆಗೆ ಅದನ್ನು ಕೊಂಡವನು ಯಾರು ಹೇಳಿ? ರಾತ್ರಿ ಚಹಾದವನು! ಕಿಲೋಗೆ 30ರಂತೆ ಅಷ್ಟೂ ಒಯ್ದ. ಕುದಿಯುವ ನೀರಿಗೆ ಹಾಕಿದರೆ ಕಲ್ಲಾದರೇನು ಪುಡಿಯಾದರೇನು ಅಂದ. ಬೆಲ್ಲದ ಚಹಾ ಅಂತ ಎರಡು ರೂಪಾಯಿ ಜಾಸ್ತಿ ಮಾಡಿದ. ಹಾಗಾಗಿ ಹೊಸದು ಶುರು ಮಾಡುವ ಮುನ್ನವೇ ಕೆಟ್ಟ ಮಾಲು ಯಾರಿಗೆ ಮಾರಬಹುದು ಅಂತ ಒಬ್ಬರನ್ನಾದರೂ ನೋಡಿಟ್ಟುಕೊಳ್ಳಿ. ನನಗೆ ಅದು ಅದೃಷ್ಟದಿಂದ ಸಿಕ್ಕಿತು.

ಉಳಿದ 370 ಕಿಲೋವನ್ನು ಕಿಲೋಗೆ 75ರಂತೆ ಮಾರಿದೆ. ಗಿರಾಕಿಗಳು ಎಲ್ಲಿಂದ? ಊರಿಂದ ಅಲ್ಲ. ಇಲ್ಲಿ ಯಾರ ಮನೆಯಲ್ಲಿ ಬೆಲ್ಲ ಇಲ್ಲ? ಬೆಳಗಾವಿ, ಹುಬ್ಬಳ್ಳಿ, ಪುಣೆಗೆ ನೌಕರಿಗೆ ಹೋದ ನಮ್ಮವರಿಂದ. ಹಬ್ಬಕ್ಕೆ ಬಂದಾಗ ಅರ್ಧ ಕಿಲೋ ಸುಮ್ನೆ ಕೊಟ್ಟು ಕಳಿಸಿದೆ. ಅವರ ಅಪಾರ್ಟ್‌ಮೆಂಟಿನವರು ಫೋನ್ ಮಾಡಿದರು. ಪೊಟ್ಟಣದ ಮೇಲೆ ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ, ತೂಕ, ತಾರೀಕು ಇರಲೇಬೇಕು. ನಾನು ಮಾಡಿಸಿದಾಗ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಇದನ್ನು ಮುಂದೂಡಬೇಡಿ.

ಒಟ್ಟು ಬಂದದ್ದು 31,950. ಖರ್ಚು ಕಳೆದು 6,950. ನಾನು ಹಿಗ್ಗಿ ಹೇಳಿದರೆ ಹೆಂಡತಿ ಕೇಳಿದಳು, "ನಮ್ಮಿಬ್ಬರ ಕೂಲಿ ಎಲ್ಲಿ ಬರದೀರಿ?" ಬರೆದಿರಲಿಲ್ಲ. ಮುಂದಿನ ವರ್ಷದಿಂದ ಅದಕ್ಕೊಂದು ಸಾಲು ಹಾಕಿದೆ.

ಗೆದ್ದ ಮೇಲೆ ಮತ್ತೊಂದು ಅಪಾಯ ಬರುತ್ತದೆ. ಒಮ್ಮೆಲೇ ದೊಡ್ಡದು ಮಾಡುವ ಆಸೆ. ನಾನು 5 ಟನ್ನಿನಿಂದ 10, ಅಲ್ಲಿಂದ 20, ನಾಲ್ಕನೇ ವರ್ಷಕ್ಕೆ 37 ಟನ್ನಿಗೆ ಬಂದೆ. ಆ ವರ್ಷ ಎಲ್ಲ ಕಳೆದು ಉಳಿದದ್ದು 93 ಸಾವಿರ ಚಿಲ್ಲರೆ. ಇದು ಕಬ್ಬನ್ನು ಫ್ಯಾಕ್ಟರಿಗೆ ಕೊಟ್ಟಿದ್ದರೆ ಬರುತ್ತಿದ್ದ ದುಡ್ಡಿನ ಮೇಲಿನದು. ಕೋಟ್ಯಧೀಶ ಆಗಲಿಲ್ಲ, ಆದರೆ ಪಿಗ್ಮಿ ಕೆಲಸ ಬಿಟ್ಟೆ. ಸ್ವಂತ ಗಾಣ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಸಣ್ಣ ಆಹಾರ ಘಟಕಗಳಿಗೆ ಅಂತ ಇದ್ದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 2025-26ರವರೆಗೆ ಶೇಕಡಾ 35 ಸಬ್ಸಿಡಿ ಇತ್ತು, ಅದರ ಮೇಲೆ ನಮ್ಮ ರಾಜ್ಯದ 15, ಒಟ್ಟು ಅರ್ಧ. ಒಳ್ಳೆಯ ಯೋಜನೆ, ಈಗಲೂ ಇದೆಯೇ ಅಂತ ವಿಚಾರಿಸಿ ಬೇಕಾದವರು ತಗೊಳ್ಳಿ. ಆದರೆ ಸಬ್ಸಿಡಿ ಸಿಗುತ್ತದೆ ಅಂತ ಯಂತ್ರ ತರಬೇಡಿ, ಯಂತ್ರ ಬೇಕೇ ಬೇಕು ಅಂತಾದಾಗ ಸಬ್ಸಿಡಿ ನೋಡಿ. ಗಾಣ ತಿರುಗುವುದು ಐದು ತಿಂಗಳು, ಕಂತು ಹನ್ನೆರಡು ತಿಂಗಳು. ನಾನಿನ್ನೂ ಕಾಕಾರ ಗಾಣದಲ್ಲೇ ಬಾಡಿಗೆಗೆ ಮಾಡುತ್ತೇನೆ.

ದಿನದ 70 ಇವತ್ತಿಗೂ ಕಟ್ಟುತ್ತೇನೆ. ನನ್ನ ಜಾಗಕ್ಕೆ ಬಂದ ಹುಡುಗ ಸಂಜೆ ಬಾಗಿಲಿಗೆ ಬಂದು, "ಈ ಸಲ ಏನ್ ಹುಚ್ಚ್ರೀ ಅಣ್ಣಾರ?" ಅನ್ನುತ್ತಾನೆ. ಈ ಸಲದ್ದು ಶುಂಠಿ, ಏಲಕ್ಕಿ ಹಾಕಿದ ಚಹಾದ ಬೆಲ್ಲ. 20 ಕಿಲೋ ಮಾಡಿದ್ದೇನೆ. ಅವ್ವನಿಗೆ ಸೇರಲಿಲ್ಲ, ಘಾಟು ಅಂದಳು. ಚಹಾದವನಿಗೆ ಎರಡು ಕಿಲೋ ಕೊಟ್ಟು ಬಂದಿದ್ದೇನೆ, ಡ್ರೈವರುಗಳು ಏನನ್ನುತ್ತಾರೋ ನೋಡಬೇಕು.