ಮ್ಯಾನ್‌ಹೋಲ್‌ಗೆ ಬ್ಯಾಂಡೇಜ್ ಬಟ್ಟೆ ಕಟ್ಟಿ ಕೊರೊನಾ ಹುಡುಕಿದ್ದು: ಪುಣೆಯ ನನ್ನ ಅನುಭವ

ಸೋಂಕಿತರ ಮಲದಲ್ಲಿ ಕೊರೊನಾದ ಆರ್‌ಎನ್‌ಎ ಬರುತ್ತದೆ, ಹಾಗಾಗಿ ಚರಂಡಿ ನೀರು ಪರೀಕ್ಷಿಸಿದರೆ ಸೋಂಕು ಎಷ್ಟಿದೆ ಅನ್ನುವ ಅಂದಾಜು ಸಿಗುತ್ತದೆ. ಆದರೆ ಇಡೀ ಊರಿಗೆ ಒಂದೇ ಅಂಕಿ ಕೊಡುವ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸ್ಯಾಂಪಲ್ ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ. 2020ರ ಜುಲೈ-ಆಗಸ್ಟ್‌ನಲ್ಲಿ ಪುಣೆಯ ಐದು ಪ್ರಭಾಗಗಳ (ವಾರ್ಡ್‌ಗಳ) ರಕ್ತಪರೀಕ್ಷೆಯಲ್ಲಿ ಸರಾಸರಿ ಶೇ. 51ರಷ್ಟು ಜನರಲ್ಲಿ ಪ್ರತಿಕಾಯ ಸಿಕ್ಕಿತ್ತು. ಬಿಡಿಸಿ ನೋಡಿದರೆ ಗುಡಿಸಲುಗಳಲ್ಲಿ ಸುಮಾರು 62, ಫ್ಲ್ಯಾಟ್‌ಗಳಲ್ಲಿ 33. ಮುಂಬೈನ ಮೂರು ವಾರ್ಡ್‌ಗಳಲ್ಲಿ ಕೊಳೆಗೇರಿಯಲ್ಲಿ 57, ಹೊರಗೆ 16. ಗೋವಾವಂತೂ ಆ ವರ್ಷ ಏಪ್ರಿಲ್‌ನಲ್ಲಿ ಒಂದೂ ಸಕ್ರಿಯ ಪ್ರಕರಣವಿಲ್ಲದ ರಾಜ್ಯ. ಜೂನ್‌ನಲ್ಲಿ ವಾಸ್ಕೋದ ಮಾಂಗೋರ್ ಹಿಲ್ ಕಂಟೈನ್‌ಮೆಂಟ್ ವಲಯ. ನಮ್ಮ ಕಡೆಯ ಎಷ್ಟೋ ಕನ್ನಡ ಮಂದಿ ಇರುವ ಗುಡ್ಡ ಅದು. ಸರಾಸರಿ ನೋಡಿಕೊಂಡು ಕೂತರೆ ಇಂಥ ಜಾಗ ಕಾಣುವುದೇ ಇಲ್ಲ.

ಹಾಗಾಗಿ ವಸ್ತಿ (ಕೊಳೆಗೇರಿ) ಬೇರೆ, ಸೊಸೈಟಿ (ಫ್ಲ್ಯಾಟ್‌ಗಳ ಸಮುಚ್ಚಯ) ಬೇರೆ ಅಂತ ಒಂದೊಂದರ ಮ್ಯಾನ್‌ಹೋಲ್‌ನಿಂದಲೇ ಸ್ಯಾಂಪಲ್ ತೆಗೆಯಬೇಕೆಂದು ಹಟ ಹಿಡಿದೆ. ತಾನಾಗಿ ನೀರು ಸಂಗ್ರಹಿಸುವ ಆಟೋಸ್ಯಾಂಪ್ಲರ್ ಯಂತ್ರಕ್ಕೆ ಐದಾರು ಲಕ್ಷ ಹೇಳಿದರು, ಅದೂ ಒಂದಕ್ಕೆ. ಬಕೆಟ್‌ನಲ್ಲಿ ಎತ್ತಿದ ನೀರು ಒಂದು ದಿನ ಪಾಸಿಟಿವ್, ಮರುದಿನ ಖಾಲಿ. ಪಿಇಜಿ ಎಂಬ ರಾಸಾಯನಿಕ ಹಾಕಿ ವೈರಸ್ ಅನ್ನು ತಳಕ್ಕಿಳಿಸಿದರೆ ಕೊಳೆಯೂ ಜೊತೆಗೇ ಬಂದು ಪಿಸಿಆರ್ ಪರೀಕ್ಷೆಯನ್ನೇ ಕಟ್ಟಿ ಹಾಕುತ್ತಿತ್ತು. ಕಿಟ್‌ಗೇ ನಲವತ್ತು ಸಾವಿರದ ಮೇಲೆ ಹೋಯಿತು, ಅರ್ಧ ನನ್ನ ಜೇಬಿನದು.

ಆಮೇಲೆ ಹಿಡಿದದ್ದು ಮೂರ್ ಸ್ವಾಬ್. ಇಂಗ್ಲೆಂಡಿನಲ್ಲಿ ಪ್ಯಾರಾಟೈಫಾಯ್ಡ್ ಹುಡುಕಲು ಬ್ರೆಂಡನ್ ಮೂರ್ ಬಳಸಿ, 1948ರಲ್ಲಿ ವರದಿ ಮಾಡಿದ್ದ ಬ್ಯಾಂಡೇಜ್ ಬಟ್ಟೆಯ ಉಂಡೆ; ಚರಂಡಿಯಲ್ಲಿ ಇಳಿಬಿಟ್ಟರೆ ಹರಿಯುವ ನೀರಿನಲ್ಲಿರುವುದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದಕ್ಕೆ ಇಪ್ಪತ್ತು ರೂಪಾಯಿ ಬಿದ್ದರೆ ಹೆಚ್ಚು. "ಗಟಾರಕ್ಕೆ ಬಟ್ಟೆ ಕಟ್ಟಿದರೆ ಡೇಟಾ ಬರುತ್ತಾ?" ಅಂತ ಲ್ಯಾಬಿನಲ್ಲಿ ಕೇಳದವರಿಲ್ಲ.

ದಾರಿ ತೋರಿಸಿದವನು ಕಲಬುರಗಿ ಕಡೆಯ ಸಫಾಯಿ ಕಾರ್ಮಿಕ. "ಸರ್, ಮುಂಜಾನಿ ಆರಕ್ಕ ನಳ ಬಿಡ್ತಾರ್ರಿ. ಒಂಬತ್ತರ ಮ್ಯಾಲ ಬರೇ ಬಟ್ಟಿ ಒಗದ ನೀರ ಬರ್ತದ." ಅಂದಿನಿಂದ ವಸ್ತಿಯ ಸಾರ್ವಜನಿಕ ಶೌಚಾಲಯದ ಕೆಳಗಿನ ಚೇಂಬರ್‌ನಲ್ಲಿ ರಾತ್ರಿ ಕಟ್ಟಿ, ಒಂಬತ್ತರೊಳಗೆ ಬಿಚ್ಚತೊಡಗಿದೆ. ಬಟ್ಟೆ ಕಪ್ಪಗೆ, ಲೋಳೆ ಹಿಡಿದು, ಮುಷ್ಟಿಗಿಂತ ದಪ್ಪಗಾಗಿ ಮೇಲೆ ಬರಬೇಕು. ಬೆಳ್ಳಗೆ ಬಂದರೆ ಎಸೆದುಬಿಡಿ. ಬಟ್ಟೆಯಿಂದ ವೈರಸ್ ಹಿಂಡಿ ತೆಗೆಯುವ ದ್ರಾವಣಕ್ಕೆ ಏನು ಸೇರಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೊಳೆ ಪಿಸಿಆರ್‌ಗೆ ಅಡ್ಡ ಬಂದಿದೆಯೇ ಎಂದು ತಿಳಿಯಲು, ಆರ್‌ಎನ್‌ಎ ಹತ್ತು ಪಟ್ಟು ತೆಳು ಮಾಡಿ ಇನ್ನೊಮ್ಮೆ ಓಡಿಸುವುದನ್ನು ಮಾತ್ರ ತಪ್ಪಿಸಬೇಡಿ.

ಬಟ್ಟೆಯ ಮೂಲಕ ಎಷ್ಟು ನೀರು ಹರಿಯಿತೋ ಗೊತ್ತಾಗದು, ಅದಕ್ಕೆ ಮೆಣಸಿನಕಾಯಿ ಗಿಡದ ಪಿಎಂಎಂಒವಿ ವೈರಸ್‌ಗೆ ಹೋಲಿಸಿ ಲೆಕ್ಕ ಹಾಕಿದೆ. ಮೆಣಸಿನಕಾಯಿ ತಿನ್ನುವವರ ಮಲದಲ್ಲಿ ಅದು ಧಾರಾಳ. ಖಾರ ತಿನ್ನುವ ಓಣಿ, ಸಪ್ಪೆ ಊಟದ ಸೊಸೈಟಿ ಎರಡನ್ನೂ ಕುತೂಹಲಕ್ಕೆ ಅಳೆದೆ: ಹೆಚ್ಚೆಂದರೆ ಎರಡು ಪಟ್ಟು ವ್ಯತ್ಯಾಸ, ಲೆಕ್ಕ ಕೆಡುವಷ್ಟಲ್ಲ. ಪಿಇಜಿ ಬದಲು ಕೆನೆ ತೆಗೆದ ಹಾಲಿನ ಪುಡಿಯನ್ನೂ ನೋಡಿದೆ. ಅಗ್ಗ, ನಡೆಯುತ್ತದೆ, ಪಿಎಚ್ 3.5ಕ್ಕೆ ತರಲು ತಾಳ್ಮೆ ಬೇಕು.

2022ರ ಜನವರಿ, ಓಮಿಕ್ರಾನ್. ಜನ ಮನೆಯಲ್ಲೇ ಕಿಟ್‌ನಲ್ಲಿ ಪರೀಕ್ಷೆ ಮಾಡಿಕೊಂಡು ಸುಮ್ಮನಾಗುತ್ತಿದ್ದರು, ಸರ್ಕಾರಿ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ನನ್ನ ಬಟ್ಟೆಗೆ ಸಿಕ್ಕರು. ಸೊಸೈಟಿಯ ಮ್ಯಾನ್‌ಹೋಲ್ ಮೊದಲು ಏರಿತು, ವಸ್ತಿ ಒಂದು ವಾರದಷ್ಟು ಹಿಂದೆ. 2020ರಲ್ಲಿ ವಸ್ತಿಗೆ ಬಿದ್ದ ಹೊಡೆತ ನೋಡಿದ್ದವರು ಇದನ್ನು ನಂಬಲಿಲ್ಲ, ನಾನು ಮತ್ತೆ ಓಡಿಸಿ ತೋರಿಸಿದೆ. ಅದೇ ವಾರಗಳ ಎಸ್‌ಟಿಪಿ ಗೆರೆಯಲ್ಲಿ ಒಂದೇ ಒಂದು ದಿಬ್ಬವಿತ್ತು. ಆಮೇಲೆ ಲ್ಯಾಬಿನಲ್ಲಿ ಬಟ್ಟೆಯ ಖರ್ಚಿನ ಬಗ್ಗೆ ಯಾರೂ ಕೇಳಲಿಲ್ಲ.

ಮಳೆಗಾಲ ಇನ್ನೂ ಬಗ್ಗಿಲ್ಲ. ಹತ್ತಿ ದಾರ ಹರಿಯಿತು. ಮೀನು ಹಿಡಿಯುವ ನೈಲಾನ್ ದಾರ ತಡೆಯಿತು, ಆದರೆ ಮಳೆನೀರು ಬೆರೆತು ಪಿಎಂಎಂಒವಿ ಕೂಡ ತೆಳುವಾಯಿತು. ಈ ಜೂನ್‌ನಲ್ಲಿ ಮಳೆನೀರು ನುಗ್ಗದ, ಮೇಲಿನ ಚೇಂಬರ್‌ಗಳಲ್ಲಿ ಕಟ್ಟಿ ನೋಡುತ್ತೇನೆ.