ಮುಳುಗಿದ ಯುದ್ಧನೌಕೆಯನ್ನು ಮೊದಲು ಕಡತದಲ್ಲಿ ಹುಡುಕಿ

ದೋಣಿ ಗೊತ್ತುಮಾಡುವ ಆತುರ ಬೇಡ. ಸಮುದ್ರದಲ್ಲಿ ಒಂದು ದಿನ ಕಳೆಯಬೇಕಾದರೆ ದಾಖಲೆಗಳ ಮುಂದೆ ಒಂದು ತಿಂಗಳು ಕೂರಬೇಕು ಎಂಬುದು ನನ್ನ ಲೆಕ್ಕ. ಇದನ್ನು ಪೆಟ್ಟು ತಿಂದು ಕಲಿತೆ.

ಹದಿನೆಂಟನೆಯ ಶತಮಾನದ ಬ್ರಿಟಿಷ್ ಯುದ್ಧನೌಕೆಯೊಂದರ ಬೆನ್ನು ಹತ್ತಿದ್ದೆ. ಜೊತೆಗಿದ್ದ ನೌಕೆಯ ದಿನಚರಿಯಲ್ಲಿ ‘10ರ ಸಂಜೆ ಕಣ್ಮರೆ’ ಎಂದಿತ್ತು. ಬಂದರಿನ ದಾಖಲೆಯಿಂದ 10ರ ಗಾಳಿಯನ್ನು ತೆಗೆದುಕೊಂಡು, ನೌಕೆ ಎತ್ತ ತೇಲಿರಬಹುದೆಂದು ಲೆಕ್ಕಹಾಕಿ ನಕಾಶೆಯಲ್ಲಿ ಚೌಕ ಎಳೆದೆ. ನಾಲ್ಕು ದಿನ ಜಾಲಾಡಿದರೂ ಬರೀ ಮರಳು. ಆಗಿನ ಬ್ರಿಟಿಷ್ ನೌಕಾದಿನ ಶುರುವಾಗುತ್ತಿದ್ದುದು ಮಧ್ಯರಾತ್ರಿಯಲ್ಲಲ್ಲ, ಹಿಂದಿನ ದಿನದ ನಡುಹಗಲಿನಲ್ಲಿ. 1805ರವರೆಗೂ ಅದೇ ಪದ್ಧತಿ. ನಾವಿಕರ 10ರ ಸಂಜೆ ಎಂದರೆ ದಡದವರ 9ರ ಸಂಜೆ! ಹೀಗಾಗಿ ಮೊದಲು ತಾರೀಖನ್ನು ಅನುಮಾನಿಸಿ. 1752ರಲ್ಲಿ ಬ್ರಿಟನ್ ಪಂಚಾಂಗದಿಂದ 11 ದಿನಗಳನ್ನೇ ಕೈಬಿಟ್ಟಿತು. ಹಳೆಯ ಫ್ರೆಂಚ್ ನಕಾಶೆಯಾದರೆ ರೇಖಾಂಶದ ಎಣಿಕೆ ಪ್ಯಾರಿಸ್‌ನಿಂದ. ಗ್ರೀನಿಚ್‌ಗೂ ಅದಕ್ಕೂ 2 ಡಿಗ್ರಿ 20 ಮಿನಿಟು ಅಂತರ. ಸಮಭಾಜಕ ವೃತ್ತದ ಬಳಿ ಅದು 140 ನಾಟಿಕಲ್ ಮೈಲಿ.

ಶತ್ರುವಿನ ಮಾತನ್ನು ಸುಳ್ಳೆಂದು ತಳ್ಳಿಹಾಕಬೇಡಿ. 1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನೌಕೆ 645 ಜನರೊಂದಿಗೆ ಮುಳುಗಿದಾಗ ಅದರಲ್ಲಿದ್ದ ಒಬ್ಬನೂ ಉಳಿಯಲಿಲ್ಲ. ಉಳಿದ ಸಾಕ್ಷಿಗಳೆಂದರೆ ಅದರೊಂದಿಗೆ ಕಾದಾಡಿ ತಾನೂ ಮುಳುಗಿದ ಜರ್ಮನ್ ನೌಕೆ ಕೊರ್ಮೊರಾನ್‌ನ ನಾವಿಕರು. ಅವರನ್ನು ಎಷ್ಟೋ ಜನ ದಶಕಗಳ ಕಾಲ ನಂಬಲಿಲ್ಲ. ಕೊನೆಗೆ ಅವರ ಮಾತಿನ ಜಾಡು ಹಿಡಿದೇ 2008ರಲ್ಲಿ ಮೊದಲು ಸಿಕ್ಕಿದ್ದು ಕೊರ್ಮೊರಾನ್. ಕೆಲವೇ ದಿನಗಳಲ್ಲಿ ಸಿಡ್ನಿಯೂ ಸಿಕ್ಕಿತು.

ಇನ್ನು ನೀರಿಗಿಳಿಯೋಣ. ಶಬ್ದದ ಅಲೆ ಹಾಯಿಸಿ ತಳದ ಚಿತ್ರ ಮೂಡಿಸುವ ಸೋನಾರ್ ಅನ್ನು ಹಗ್ಗಕ್ಕೆ ಕಟ್ಟಿ, ಹೊಲ ಉಳುವ ಹಾಗೆ ಸಾಲು ಹಿಡಿದು ಎಳೆಯಿರಿ. ಒಂದು ಸಾಲು ಪಕ್ಕದ ಸಾಲಿನ ಮೇಲೆ ಸ್ವಲ್ಪ ಚಾಚಿಕೊಳ್ಳಲಿ. ಪರದೆಯಲ್ಲಿ ವಸ್ತುವಿಗಿಂತ ಅದರ ನೆರಳನ್ನು ನೋಡಿ. ಬಂಡೆಯ ನೆರಳು ಹರಿದ ಬಟ್ಟೆಯ ಅಂಚಿನಂತಿರುತ್ತದೆ. ನೆರಳಿನಲ್ಲಿ ನೇರ ಗೆರೆಯೋ ಲಂಬಕೋನವೋ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ, ಕೂಗಬೇಡಿ. ಅಡ್ಡದಿಕ್ಕಿನಿಂದ ಇನ್ನೊಮ್ಮೆ ಹಾದುಹೋಗಿ.

ಮರದ ಹಡಗಾದರೆ ಒಡಲನ್ನು ನಿರೀಕ್ಷಿಸಬೇಡಿ. ಸ್ವೀಡನ್ನಿನ ವಾಸಾ 1628ರಿಂದ 1961ರವರೆಗೆ ನೀರಿನಡಿ ಉಳಿದದ್ದು ಉಪ್ಪು ಕಡಿಮೆಯಿರುವ ಬಾಲ್ಟಿಕ್‌ನಲ್ಲಿ ಮರ ಕೊರೆಯುವ ಹಡಗುಹುಳು ಬಾಳದ ಕಾರಣಕ್ಕೆ. ಬೇರೆಡೆ ಸಿಗುವುದು ಫಿರಂಗಿ, ಲಂಗರು, ಹಡಗು ವಾಲದಿರಲೆಂದು ತಳದಲ್ಲಿ ತುಂಬಿದ ಭಾರದ ಕಲ್ಲುಗುಡ್ಡೆ. ಕಬ್ಬಿಣವನ್ನು ಮ್ಯಾಗ್ನೆಟೋಮೀಟರ್ ಪತ್ತೆಹಚ್ಚುತ್ತದೆ. ಆದರೆ ದೂರ ಎರಡರಷ್ಟಾದರೆ ಸುಳಿವು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ; ಸಾಲುಗಳು ಒತ್ತಾಗಿರಲಿ.

ಅನುಮತಿ ಹುಡುಕಾಟಕ್ಕೆ ಮೊದಲೇ ಕೈಯಲ್ಲಿರಬೇಕು. ಯುದ್ಧನೌಕೆ ಮುಳುಗಿದ ಮಾತ್ರಕ್ಕೆ ಅದರ ದೇಶದ ಹಕ್ಕು ಮುಳುಗುವುದಿಲ್ಲ; ಮೇಲಾಗಿ ಅದು ಸತ್ತವರ ಸಮಾಧಿಯೂ ಆಗಿರಬಹುದು. ಚಿತ್ರ ತೆಗೆಯಿರಿ, ಅಳೆಯಿರಿ, ಒಂದು ಮೊಳೆಯನ್ನೂ ಎತ್ತಬೇಡಿ.

ನನ್ನ ನೌಕೆ ಇನ್ನೂ ಸಿಕ್ಕಿಲ್ಲ. ತಾರೀಖು ಸರಿಪಡಿಸಿದ ಮೇಲೆ ಚೌಕ ಆರು ಮೈಲಿ ದಕ್ಷಿಣಕ್ಕೆ ಸರಿದಿದೆ. ಗಾಳಿ ಇಳಿದರೆ ಅಲ್ಲಿ ಮೊದಲ ಸಾಲು ಹೊಡೆಯುತ್ತೇನೆ.